ಅಡಿಕೆ ದರ್ಜೆ ಹೇಳುವ ಮೆಷಿನ್, ಸಾಲಕ್ಕೆ ಅಂಕ ಹಾಕುವ ಆ್ಯಪ್: ನಮ್ಮ ಸಂಘ ಒಪ್ಪಬೇಕಾ?

ಬಿದನೂರು ಬದಿ (ಹೊಸನಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಸಹಕಾರ ಸಂಘದ ನಿರ್ದೇಶಕ. ಸಂಘದ ಹೆಸರು ಇಲ್ಲಿ ಬೇಡ. ಒಂದು ಕಂಪನಿಯವರು ನಮ್ಮ ಬೋರ್ಡ್ ಮೀಟಿಂಗಿಗೆ ಬಂದು ಲ್ಯಾಪ್‌ಟಾಪ್ ಇಟ್ಟು ವಿಡಿಯೋ ತೋರಿಸಿ ಹೋಗಿದ್ದಾರೆ. ಬೆಲ್ಟ್ ಮೇಲೆ ಅಡಿಕೆ ಹರಿಸಿದರೆ ಕ್ಯಾಮೆರಾ ನೋಡಿ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆವಾರು ಬೇರೆ ಮಾಡುವ ಮೆಷಿನ್ ಕೊಡುತ್ತಾರಂತೆ. ಅದರ ಜೊತೆಗೆ ಯಾವ ಸದಸ್ಯನಿಗೆ ಎಷ್ಟು ಸಾಲ ಕೊಡಬಹುದು ಅಂತ ಅಂಕ ಹಾಕುವ ಒಂದು ಆ್ಯಪ್. ಸುಲಿತಕ್ಕೆ (ಅಡಿಕೆ ಸಿಪ್ಪೆ ಸುಲಿಯುವ ಕೆಲಸಕ್ಕೆ), ಗೋದಾಮಿಗೆ ಬರುವವರ ಮುಖ ನೋಡಿ ಹಾಜರಿ ಹಾಕುವ ವ್ಯವಸ್ಥೆ ಬೇರೆ. ಮೂರೂ ಒಟ್ಟಿಗೇ ತಗೊಂಡರೆ ಮೊದಲ ವರ್ಷ ಪುಕ್ಕಟೆ.

ಪುಕ್ಕಟೆ ಅಂದ ಕೂಡಲೇ ಅರ್ಧ ಬೋರ್ಡ್ ತಲೆಯಾಡಿಸಿತು. ನಾನು ಒಂದೇ ಮಾತು ಕೇಳಿದೆ. ಮೆಷಿನ್ ಹೇಳಿದ ದರ್ಜೆ ಸರಿಯಿಲ್ಲ ಅಂತ ಸದಸ್ಯ ತಕರಾರು ತೆಗೆದರೆ ಯಾರು ನೋಡುತ್ತಾರೆ? ಬಂದಿದ್ದ ಹುಡುಗ ನಗುತ್ತಾ, "ಸರ್, ನಮ್ಮ ಸಿಸ್ಟಂ ತಪ್ಪು ಮಾಡಲ್ಲ" ಅಂದ. ಪಾಪ, ಒಳ್ಳೆ ಹುಡುಗ. ಆದರೆ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ.

ಮಹಾಸಭೆಗೆ ಮುಂಚೆ ಬೋರ್ಡ್ ತೀರ್ಮಾನ ಮಾಡಬೇಕು. ನಾವು ಏನೇನು ಕೇಳಬೇಕು? ಬೇಡ ಅಂತಲೇ ಹೇಳುವವರು ಯಾಕೆ ಅಂತಲೂ ಹೇಳಿ. ಸುಮ್ನೆ "ಕಾಲ ಕೆಟ್ಟೋಯ್ತು" ಅನ್ನುವುದು ಬೇಡ.

ರಾಶಿ ಇಡಿ (ಶಿವಮೊಗ್ಗ)

ನಾನು ಕ್ಯಾಮೆರಾ ಬಗ್ಗೆ ಮಾತ್ರ ಹೇಳುತ್ತೇನೆ. ಮಂಡಿಯಲ್ಲಿ ಬಹಳ ವರ್ಷ ಚೀಲ ಬಿಚ್ಚಿದವನು.

ವ್ಯಾಪಾರಿ ಚೀಲದ ಬಾಯಲ್ಲಿರುವ ಅಡಿಕೆ ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಾನೆ. ಅಂಗೈ ಮೇಲೆ ಹೊರಳಿಸಿ ಬಣ್ಣ ನೋಡುತ್ತಾನೆ. ಮುಷ್ಟಿಯಲ್ಲಿ ಕುಲುಕಿ ಸದ್ದು ಕೇಳುತ್ತಾನೆ. ಸರಿಯಾಗಿ ಒಣಗಿದ್ದರ ಸದ್ದೇ ಬೇರೆ, ಹಸಿ ಉಳಿದದ್ದರ ಸದ್ದೇ ಬೇರೆ. ಆಮೇಲೆ ಅಡಕತ್ತರಿ ತೆಗೆದು ಒಂದೆರಡು ಕತ್ತರಿಸಿ ಒಳಗೆ ನೋಡುತ್ತಾನೆ. ಆಗಲೂ ಸಂಶಯ ಇದ್ದರೆ ಒಂದು ಹೋಳು ಬಾಯಿಗೆ. ಈಗ ಹೇಳಿ, ಬೆಲ್ಟ್ ಮೇಲೆ ಓಡುವ ಅಡಿಕೆಯ ಒಳಗನ್ನು ಕ್ಯಾಮೆರಾ ಹೇಗೆ ನೋಡುತ್ತದೆ? ಹೊರಮೈ ನೋಡಿಯೇ ಹೇಳಬೇಕು ತಾನೇ.

ಇನ್ನೊಂದು ವಿಷಯ. ಅಡಿಕೆಗೆ ಬಣ್ಣ ಹಾಕುವ ದಂಧೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಚೊಗರಿನಲ್ಲಿ (ಅಡಿಕೆಯ ಕಂದು ರಸದಲ್ಲಿ) ಬೆಂದ ಬಣ್ಣ ಯಾವುದು, ಡಬ್ಬಿಯ ಬಣ್ಣ ಯಾವುದು ಅಂತ ಹಳಬರು ಒದ್ದೆ ಬೆರಳಲ್ಲಿ ಉಜ್ಜಿ ಹೇಳುತ್ತಾರೆ. ಮೆಷಿನ್ ಕೆಂಪಿಗೆ ಜಾಸ್ತಿ ಅಂಕ ಕೊಡುತ್ತದೆ ಅಂತ ಗೊತ್ತಾಗಲಿ, ಮಾರನೇ ವಾರ ಊರಿನ ಅಡಿಕೆಯೆಲ್ಲ ಕೆಂಪು. ಹಸಕ್ಕೂ ಗೊರಬಲಿಗೂ ಕ್ವಿಂಟಾಲಿಗೆ ಎಷ್ಟು ವ್ಯತ್ಯಾಸ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಷ್ಟು ದುಡ್ಡಿಗೆ ಜನ ಮೆಷಿನ್ನಿನ ಕಣ್ಣಿಗೆ ಮಣ್ಣೆರಚುವುದು ಕಲಿತೇ ಕಲಿಯುತ್ತಾರೆ. ಆಗ ನಷ್ಟ ಆಗುವುದು ಬಣ್ಣ ಹಾಕದವನಿಗೆ.

ಅರ್ಧ ಎಕರೆ (ರಿಪ್ಪನ್‌ಪೇಟೆ)

ರಾಶಿ ಇಡಿಯವರೇ, ನಿಮ್ಮ ಕೈಗುಣದ ಬಗ್ಗೆ ಗೌರವ ಇದೆ. ಆದರೆ ಒಂದು ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಅಡಕತ್ತರಿ ಹಿಡಿದ ಮನುಷ್ಯ ಅಡಿಕೆ ನೋಡುವ ಮುಂಚೆ ನನ್ನ ಮುಖ ನೋಡುತ್ತಾನೆ. ದೊಡ್ಡ ತೋಟದವರು ಬಂದರೆ ಕುರ್ಚಿ, ಕಾಫಿ, "ಬನ್ನಿ ಹೆಗ್ಡೇರೇ, ಬನ್ನಿ ಗೌಡ್ರೇ". ನಾನು ಎರಡು ಚೀಲ ಹೊತ್ತು ಹೋದರೆ "ಅಲ್ಲಿಡೋ". ಒಂದೇ ಹಂಡೆಯಲ್ಲಿ ಬೇಯಿಸಿದ ಅಡಿಕೆ. ನಮ್ಮ ಪಕ್ಕದ ದೊಡ್ಡ ಮನೆಯವರ ಚಪ್ಪರದಲ್ಲೇ ಒಣಗಿದ್ದು. ಅವರದ್ದಕ್ಕೆ ಒಂದು ದರ್ಜೆ, ನನ್ನದ್ದಕ್ಕೆ ಇನ್ನೊಂದು. ಯಾಕೆ ಅಂತ ಕೇಳಿದರೆ "ಬೇಕಾದ್ರೆ ಕೊಡು, ಇಲ್ಲಾಂದ್ರೆ ತಗೊಂಡೋಗು". ಇದಕ್ಕೆ ಅಪೀಲು ಯಾವ ಕೋರ್ಟಿನಲ್ಲಿ?

ಮೆಷಿನ್ ನನ್ನ ಜಾತಿ ಕೇಳಲ್ಲ, ಲುಂಗಿ ನೋಡಲ್ಲ. ನಮ್ಮಂಥವರಿಗೆ ಅಷ್ಟೇ ದೊಡ್ಡ ನ್ಯಾಯ. ಹಾಗಾಗಿ "ಮನುಷ್ಯರ ಕಣ್ಣೇ ಮೇಲು" ಅಂತ ಹೇಳುವವರು ಯಾರ ಕಣ್ಣು, ಯಾರ ಕಡೆ ನೋಡುವ ಕಣ್ಣು ಅಂತಲೂ ಹೇಳಲಿ.

ರಾಶಿ ಇಡಿ

ಇಲ್ಲ ಅನ್ನಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ.

ಕಾಗೋಡು ದಾರಿ (ಸಾಗರ)

ಅರ್ಧ ಎಕರೆಯವರ ಮಾತು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

1951ರಲ್ಲಿ ನಮ್ಮ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರಲ್ಲ, ಜಗಳ ಶುರುವಾಗಿದ್ದು ಯಾವುದರಿಂದ? ಕೊಳಗದಿಂದ, ಅಂದರೆ ಭತ್ತ ಅಳೆಯುವ ಪಾತ್ರೆಯಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಧಣಿಗಳ ಕೊಳಗ ದೊಡ್ಡದು. ಭತ್ತ ಬೆಳೆದವನಿಗೆ ಅದನ್ನು ತಿರುಗಿಸಿ ನೋಡುವ ಹಕ್ಕಿರಲಿಲ್ಲ. ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ ಕೇಳಿದ್ದಕ್ಕೆ ಅಷ್ಟು ದೊಡ್ಡ ಸತ್ಯಾಗ್ರಹವೇ ಆಯಿತು. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರು, ಸಮಾಜವಾದಿಗಳು ಜೊತೆಯಾದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ಕಡೆ ಇದೆಲ್ಲ ಪುಸ್ತಕದ ಕಥೆಯಲ್ಲ, ಅಜ್ಜಂದಿರ ಕಥೆ.

ಆಗಲೂ ಕೊಳಗವೇ ಬೇಡ ಅಂತ ಯಾರೂ ಹೇಳಲಿಲ್ಲ. ಅಳತೆ ಇಲ್ಲದೆ ವ್ಯವಹಾರ ನಡೆಯಲ್ಲ. ಅದರ ಗಾತ್ರ ಎಷ್ಟು, ಮಾಡಿದವರು ಯಾರು, ಸಂಶಯ ಬಂದಾಗ ನಮ್ಮ ಕೊಳಗ ತಂದು ಪಕ್ಕದಲ್ಲಿಟ್ಟು ಹೋಲಿಸಬಹುದಾ, ಅಷ್ಟೇ ಪ್ರಶ್ನೆ. ಮೆಷಿನ್ನಿಗೂ ಅದನ್ನೇ ಕೇಳಿ. ಮರದ ಕೊಳಗವನ್ನಾದರೂ ಕಣ್ಣಲ್ಲಿ ನೋಡಬಹುದಿತ್ತು. ಇದು ಬೆಂಗಳೂರಿನ ಯಾವುದೋ ಸರ್ವರಿನಲ್ಲಿರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಅದರ ಗಾತ್ರ ಬದಲಾದರೂ ನಮಗೆ ಗೊತ್ತಾಗಲ್ಲ.

ತುಮರಿ ಕಡೆಯವ

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964. ಕರೆಂಟ್ ರಾಜ್ಯಕ್ಕೆಲ್ಲ ಹೋಯಿತು, ಮುಳುಗಡೆ ನಮ್ಮ ಪಾಲಿಗೆ ಬಂತು. ಆ ಹಿನ್ನೀರು ದಾಟಲು ಸಿಗಂದೂರು ಸೇತುವೆ ಆಗಿದ್ದು 2025ರಲ್ಲಿ. ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಅಲೆದಾಟ. ಹೊಸದು ಬಂದಾಗಲೆಲ್ಲ ಲಾಭ ಯಾರಿಗೆ, ಭಾರ ಯಾರಿಗೆ ಅಂತ ಮೊದಲೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಮೂರು ತಲೆಮಾರು ಬೇಕು.

ಮೇಗರವಳ್ಳಿ ಹುಡುಗ (ಈಗ ಬೆಂಗಳೂರು)

ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಇಂಥ ಸಿಸ್ಟಂಗಳನ್ನು ಕಟ್ಟುವ ಕಡೆಯವನೇ. ಹಾಗಾಗಿ ಒಳಗಿನ ಮಾತು ಸ್ವಲ್ಪ ಹೇಳಬಹುದು.

ಮೊದಲಿಗೆ "ಸಿಸ್ಟಂ ತಪ್ಪು ಮಾಡಲ್ಲ" ಅನ್ನುವ ಮಾತು. ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ ನಿಮ್ಮ ಬೋರ್ಡ್‌ಗೆ ಹೇಳಿ. ಅಲ್ಲಿ 1999ರಿಂದ ಹೊರೈಜನ್ ಅಂತ ಒಂದು ಲೆಕ್ಕದ ಸಾಫ್ಟ್‌ವೇರ್ ತಂದರು, ಮಾಡಿಕೊಟ್ಟಿದ್ದು ಫುಜಿತ್ಸು ಕಂಪನಿ. ಹಳ್ಳಿ ಹಳ್ಳಿಯ ಅಂಚೆ ಕಚೇರಿಗಳಲ್ಲಿ ದುಡ್ಡು ಕಡಿಮೆ ಬರುತ್ತಿದೆ ಅಂತ ಅದು ತೋರಿಸತೊಡಗಿತು. ಅಂಚೆ ಕಚೇರಿ ನಡೆಸುವವರು "ನಾವು ಮುಟ್ಟಿಲ್ಲ" ಅಂತ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳುತ್ತದಾ ಅಂದರು. 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಮೋಸದ ಶಿಕ್ಷೆ ಆಯಿತು. ಕೆಲವರು ಜೈಲಿಗೆ ಹೋದರು, ಮನೆ ಮಾರಿದರು, ಜೀವ ಕಳೆದುಕೊಂಡವರೂ ಇದ್ದಾರೆ. ತಪ್ಪು ಇದ್ದದ್ದು ಸಾಫ್ಟ್‌ವೇರಿನಲ್ಲಿ. ಕೊನೆಗೆ 2024ರಲ್ಲಿ ಸಂಸತ್ತು ಕಾನೂನು ಮಾಡಿಯೇ ಆ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು.

ತಪ್ಪು ಎಲ್ಲ ಸಾಫ್ಟ್‌ವೇರಿನಲ್ಲೂ ಇರುತ್ತದೆ. ಅಲ್ಲಿ ಅನಾಹುತ ಮಾಡಿದ್ದು, ಎದುರಿಗಿರುವ ಮನುಷ್ಯನಿಗಿಂತ ಪರದೆಯನ್ನು ಜಾಸ್ತಿ ನಂಬಿದ ಅಧಿಕಾರಿಗಳು. ಒಂದೊಂದು ಊರಿನವನಿಗೂ "ನಿನ್ನೊಬ್ಬನಿಗೇ ಹೀಗಾಗಿರೋದು" ಅಂತ ಹೇಳುತ್ತಿದ್ದರಂತೆ.

ಅರ್ಧ ಎಕರೆಯವರೇ, ಮೆಷಿನ್ ಜಾತಿ ಕೇಳಲ್ಲ, ನಿಜ. ಆದರೆ ಮೆಷಿನ್ ಕಲಿಯುವುದು ಹಳೇ ಲೆಕ್ಕದಿಂದ. ಅದಕ್ಕೆ "ಇದು ಹಸ, ಇದು ಬೆಟ್ಟೆ" ಅಂತ ಯಾರೋ ಮನುಷ್ಯರು ಫೋಟೋ ತೋರಿಸಿ ಕಲಿಸಿರುತ್ತಾರೆ. ಕಲಿಸಿದವನು ದೊಡ್ಡವರ ಅಡಿಕೆಗೆ ಮೇಲಿನ ದರ್ಜೆ ಹಾಕಿದ್ದರೆ, ದೊಡ್ಡ ತೋಟದ ಅಡಿಕೆಯ ಗಾತ್ರ, ಒಣಗಿಸಿದ ರೀತಿ, ಬೇಯಿಸಿದ ಬಣ್ಣ ಇವೆಲ್ಲ "ಒಳ್ಳೆಯದು" ಅಂತ ಅದು ಕಲಿತುಬಿಡುತ್ತದೆ. ಪಕ್ಷಪಾತ ಹೋಗಲ್ಲ. ಕಣ್ಣಿಗೆ ಕಾಣದಂತೆ ಒಳಗೆ ಹೋಗಿ ಕೂರುತ್ತದೆ. ಅದಕ್ಕೆ ಕೇಳಲೇಬೇಕಾದ್ದು: ಯಾವ ಊರಿನ ಅಡಿಕೆ ತೋರಿಸಿ ಕಲಿಸಿದ್ದೀರಿ? ಶಿರಸಿಯದ್ದಾ, ಚನ್ನಗಿರಿಯದ್ದಾ, ನಮ್ಮ ಮಳೆ ಸೀಮೆಯದ್ದಾ? ಅಟ್ಟದಲ್ಲಿ ಹೊಗೆಗೆ ಒಣಗಿದ ಅಡಿಕೆ ನೋಡಿದೆಯಾ ಅದು?

ಮುಖ ಗುರುತಿಸುವುದರ ಬಗ್ಗೆಯೂ ಒಂದು ಮಾತು. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಾಯ್ ಬುಲಾಮ್‌ವಿನಿ ಅನ್ನುವವರು ದೊಡ್ಡ ದೊಡ್ಡ ಕಂಪನಿಗಳ ಸಿಸ್ಟಂಗಳನ್ನು ಪರೀಕ್ಷೆ ಮಾಡಿದರು. ಮುಖ ನೋಡಿ ಗಂಡಾ ಹೆಣ್ಣಾ ಅಂತ ಹೇಳುವ ಸುಲಭದ ಕೆಲಸ. ಬಿಳಿ ಚರ್ಮದ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಪ್ಪು ಚರ್ಮದ ಹೆಂಗಸರ ವಿಷಯದಲ್ಲಿ ನೂರಕ್ಕೆ ಸುಮಾರು 35ರವರೆಗೆ. ಆಮೇಲೆ ಸುಧಾರಿಸಿದೆ ಅನ್ನಿ. ಆದರೂ ನಿಮ್ಮ ಗೋದಾಮಿನ ಮಂದ ಬೆಳಕಿನಲ್ಲಿ, ತಲೆಗೆ ವಸ್ತ್ರ ಕಟ್ಟಿಕೊಂಡು ಕೂತ ಹೆಂಗಸರ ಮೇಲೆ ಪರೀಕ್ಷೆ ಮಾಡಿ ತೋರಿಸಿ ಅಂತ ಹೇಳಿ. ಎಸಿ ರೂಮಿನ ವಿಡಿಯೋ ಸಾಲದು.

ಮೆಟ್ಟುಗತ್ತಿ (ತೀರ್ಥಹಳ್ಳಿ ತಾಲೂಕು)

ಅಮ್ಮ ಸುಲಿತಕ್ಕೆ ಹೋಗುತ್ತಾರೆ. ನಾನು ಡಿಗ್ರಿ ಓದುತ್ತಿದ್ದೇನೆ, ರಜೆಯಲ್ಲಿ ನಾನೂ ಹೋಗುತ್ತೇನೆ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಸುಲಿತದ ಕೂಲಿ ಡಬ್ಬದ ಲೆಕ್ಕ. ಎಷ್ಟು ಡಬ್ಬ ಸುಲಿದರೋ ಅಷ್ಟು ದುಡ್ಡು. ಒಬ್ಬರು ಬೆಳಗ್ಗೆ ಬರುತ್ತಾರೆ, ಇನ್ನೊಬ್ಬರು ಮನೆ ಕೆಲಸ ಮುಗಿಸಿ ರಾತ್ರಿ ಬಂದು ಕೂರುತ್ತಾರೆ. ನಡುವೆ ಮಗುವಿಗೆ ಹಾಲು ಕೊಡಲು ಎದ್ದು ಹೋಗುತ್ತಾರೆ. ಹೀಗಿರುವಾಗ ಮುಖ ತೋರಿಸಿ ಹಾಜರಿ ಯಾಕೆ? ಗಂಟೆಗೆ ಸಂಬಳ ಕೊಡುತ್ತೀರಾ? ಇಲ್ಲ. ಪಿಎಫ್ ಕಟ್ಟುತ್ತೀರಾ? ಅದೂ ಇಲ್ಲ. ಮತ್ತೆ ಯಾರು ಎಷ್ಟು ಹೊತ್ತು ಎದ್ದು ಹೋದರು ಅಂತ ನೋಡಿ ಮುಂದಿನ ವರ್ಷ ಕರೆಯದೆ ಇರುವುದಕ್ಕಾ? ಅಮ್ಮನ ಪ್ರಶ್ನೆ ಇಷ್ಟೇ.

ಬೆರಳಚ್ಚಿನ ಕಥೆ ನಮಗೆ ಚೆನ್ನಾಗಿ ಗೊತ್ತು. ಸುಗ್ಗಿ ಮುಗಿಯುವ ಹೊತ್ತಿಗೆ ಅಮ್ಮನ ಹೆಬ್ಬೆರಳು ಚೊಗರು ಕುಡಿದು ಕಪ್ಪಾಗಿ, ತುದಿ ಸೀಳಿರುತ್ತದೆ. ನ್ಯಾಯಬೆಲೆ ಅಂಗಡಿಯ ಮೆಷಿನ್ ಮೇಲೆ ಇಟ್ಟರೆ ತೆಗೆದುಕೊಳ್ಳಲ್ಲ. ಒರೆಸಿ ಇಡು, ಒತ್ತಿ ಇಡು, ಬೇರೆ ಬೆರಳು ಇಡು. ಹಿಂದೆ ಸಾಲು ನಿಂತವರು ಗೊಣಗುತ್ತಾರೆ. ಒಟಿಪಿ ಬರುತ್ತದೆ ಅಂತಾರೆ, ಅಲ್ಲಿ ನೆಟ್‌ವರ್ಕ್ ಇಲ್ಲ. ಅಂಗಡಿಯವರು ಒಳ್ಳೆಯವರು, ನಾಳೆ ಬಾ ಅಂತಾರೆ. ನಾಳೆ ಬಂದರೆ ಒಂದು ದಿನದ ಸುಲಿತ ಹೋಯಿತು. ಆ ಕೂಲಿ ಯಾರು ಕೊಡುತ್ತಾರೆ?

ಸುಲಿಯುವ ಮೆಷಿನ್ ಬಂದ ಮೇಲೆ ಕೆಲಸವೇ ಕಡಿಮೆ ಆಗಿದೆ. ಅದಕ್ಕೆ ಯಾರನ್ನೂ ಬೈಯಲ್ಲ, ಆಳು ಸಿಗಲ್ಲ ಅನ್ನುವುದೂ ನಿಜ. ಉಳಿದಿರುವ ಕೆಲಸಕ್ಕೆ ಕ್ಯಾಮೆರಾ ಕಾವಲು ಬೇಡ ಅಂತ ಅಷ್ಟೇ ಅಮ್ಮ ಹೇಳಿದ್ದು. ಮಹಾಸಭೆಯಲ್ಲಿ ಸುಲಿತದವರನ್ನು ಯಾರೂ ಕರೆಯಲ್ಲ, ಅವರು ಸದಸ್ಯರಲ್ಲವಲ್ಲ. ಇದನ್ನೂ ಬರಿ ಅಂದರು.

ಗೋಪಿ ಸರ್ಕಲ್ (ಶಿವಮೊಗ್ಗ)

ನಾನು ಊಟ ಡೆಲಿವರಿ ಮಾಡೋನು. ಒಂದು ಬೆಳಗ್ಗೆ ಎದ್ದು ನೋಡಿದರೆ ಐಡಿ ಬ್ಲಾಕ್. ಕಾರಣ ಇಲ್ಲ. ಫೋನ್ ಮಾಡೋಣ ಅಂದರೆ ನಂಬರ್ ಇಲ್ಲ, ಚಾಟ್‌ನಲ್ಲಿ ಬರೆದರೆ ಬಾಟ್ "ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ" ಅನ್ನುತ್ತದೆ. ಬೈದರೂ ಅದೇ ಉತ್ತರ. ಮಾಲೀಕ ಎದುರಿಗಿದ್ದರೆ ಜಗಳ ಮಾಡಬಹುದು ಮಾರಾಯ್ರೆ, ಬಾಟ್ ಹತ್ತಿರ ಏನು ಜಗಳ?

ಮೇಗರವಳ್ಳಿ ಹುಡುಗ

ಗೋಪಿ ಸರ್ಕಲ್ ಅಣ್ಣ, ಇದಕ್ಕೇ ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರ, ಅಂದರೆ ನಿಮ್ಮ ಹಾಗೆ ಆ್ಯಪ್ ಮೂಲಕ ಕೆಲಸ ಮಾಡುವವರ ಕಾನೂನು ಬಂದಿದೆ. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು, 14 ದಿನ ಮುಂಚೆ ನೋಟಿಸ್ ಕೊಡಬೇಕು. ಕೆಲಸ ಹಂಚುವುದು, ರೇಟಿಂಗ್ ಹಾಕುವುದು ಇದನ್ನೆಲ್ಲ ಯಂತ್ರ ಹೇಗೆ ಮಾಡುತ್ತದೆ ಅಂತ ಕೆಲಸಗಾರನಿಗೆ ತಿಳಿಸಬೇಕು. ನೋಂದಣಿ ಮಾಡಿಸಿಕೊಂಡಿದ್ದೀರಾ? ಇಲ್ಲವಾದರೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಹಳೇ ಲೆಕ್ಕ (ಸೊರಬ)

ನಾನು ಸೊಸೈಟಿಯೊಂದರಲ್ಲಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಎಲ್ಲರೂ ಕ್ಯಾಮೆರಾ ಹಿಂದೆ ಬಿದ್ದಿದ್ದೀರಿ. ನನಗೆ ಹೆದರಿಕೆ ಇರುವುದು ಆ ಸಾಲದ ಆ್ಯಪ್ ಬಗ್ಗೆ.

ಒಬ್ಬನಿಗೆ ಸಾಲ ಕೊಡುವಾಗ ನಾವು ಏನು ನೋಡುತ್ತಿದ್ದೆವು? ಪಹಣಿ, ಹಿಂದಿನ ಬಾಕಿ, ಜಾಮೀನು. ಅದರ ಜೊತೆಗೆ ಮನೆ ಪರಿಸ್ಥಿತಿ. ಹೋದ ವರ್ಷ ಕಟ್ಟಿಲ್ಲ ಯಾಕೆ? ಕೊಳೆ ರೋಗ ಬಂದು ಅಡಿಕೆ ಗೊನೆ ಎಲ್ಲ ಉದುರಿತ್ತು. ಈ ವರ್ಷ ಕೊಳೆಗೆ ಬೋರ್ಡೋ ಔಷಧಿ ಎರಡು ಸಲ ಹೊಡೆದಿದ್ದಾನಾ? ಸರಿ, ಕೊಡಿ. ಆ್ಯಪ್‌ಗಳು ಏನು ನೋಡುತ್ತವೆ ಗೊತ್ತಾ? ಕೆಲವು ಮೊಬೈಲ್ ರೀಚಾರ್ಜ್, ಆನ್‌ಲೈನ್ ಖರೀದಿ, ಫೋನ್ ಯಾವ ಕಂಪನಿಯದ್ದು ಅಂತೆಲ್ಲ ಲೆಕ್ಕ ಹಾಕುತ್ತವೆ. ಟವರೇ ಇಲ್ಲದ ಹಳ್ಳಿಯಲ್ಲಿ ಯಾರು ದೊಡ್ಡ ರೀಚಾರ್ಜ್ ಮಾಡಿಸುತ್ತಾರೆ? "ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ" ಅಂತ ಬೋರ್ಡ್ ಹಾಕಿದ ಊರುಗಳು ನಮ್ಮ ಜಿಲ್ಲೆಯಲ್ಲೇ ಇವೆ. ಅಲ್ಲಿಯವನು ಸಾಲಕ್ಕೆ ನಾಲಾಯಕ್ ಆಗಿಬಿಡುತ್ತಾನೆ. ಅವನು ಮಾಡಿದ ತಪ್ಪೇನು?

ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೋ, ಕರೆಗಳ ಲೆಕ್ಕ ಮುಟ್ಟುವಂತಿಲ್ಲ. ಈ ಕಂಪನಿಯ ಆ್ಯಪ್ ಇನ್‌ಸ್ಟಾಲ್ ಮಾಡುವಾಗ ಏನೇನಕ್ಕೆ ಅನುಮತಿ ಕೇಳುತ್ತದೆ ಅಂತ ಒಂದು ಫೋನಿನಲ್ಲಿ ಹಾಕಿ ನೋಡಿ. ಕಾಂಟ್ಯಾಕ್ಟ್ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ, ಕಾಫಿ ಕೊಟ್ಟು ಕಳಿಸಿ.

ಈಗ ದೊಡ್ಡ ವಿಷಯ. ಮೂರೂ ಒಟ್ಟಿಗೆ ತಗೊಂಡರೆ ಪುಕ್ಕಟೆ ಅಂದರಲ್ಲ, ಯಾಕಿರಬಹುದು? ಮೆಷಿನ್ನಿನಿಂದ ಯಾರ ಹೆಸರಲ್ಲಿ ಯಾವ ದರ್ಜೆಯ ಅಡಿಕೆ ಎಷ್ಟು ಚೀಲ ಗೋದಾಮಿನಲ್ಲಿದೆ ಅಂತ ಗೊತ್ತಾಗುತ್ತದೆ. ಆ್ಯಪ್‌ನಿಂದ ಯಾರಿಗೆ ಯಾವಾಗ ಕಂತು ಕಟ್ಟುವ ಗಡುವು ಅಂತ ಗೊತ್ತಾಗುತ್ತದೆ. ಸೊನ್ನೆ ಬಡ್ಡಿ ಸಾಲ ಹೊತ್ತಿಗೆ ಸರಿಯಾಗಿ ಕಟ್ಟಲಿಲ್ಲ ಅಂದರೆ ಬಡ್ಡಿ ಬೀಳುತ್ತದೆ, ಹಾಗಾಗಿ ಗಡುವಿನ ಮುಂಚೆ ನಮ್ಮವರು ಏನಾದರೂ ಮಾರಿ ಕಟ್ಟುತ್ತಾರೆ. ಇವೆರಡೂ ಒಂದೇ ಕಡೆ ಗೊತ್ತಿದ್ದವನಿಗೆ ದರ ಹೇಳುವುದಕ್ಕೆ ಅಡಿಕೆ ನೋಡಬೇಕಾಗಿಯೇ ಇಲ್ಲ. ಯಾವ ವಾರ ಎಷ್ಟು ಜನ ಇಕ್ಕಟ್ಟಿನಲ್ಲಿ ಮಾರಲೇಬೇಕು ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ. ಹಿಂದೆ ಮಂಡಿ ಸಾಹುಕಾರರಿಗೆ ಇದು ಬಾಯಿಮಾತಿನಲ್ಲಿ, ಅರ್ಧಂಬರ್ಧ ಗೊತ್ತಾಗುತ್ತಿತ್ತು. ನಾವು ಸಹಕಾರ ಸಂಘ ಕಟ್ಟಿದ್ದೇ ಆ ಹಿಡಿತದಿಂದ ತಪ್ಪಿಸಿಕೊಳ್ಳಲು. ಈಗ ನಮ್ಮ ಕೈಯಾರೆ ಪಟ್ಟಿ ಮಾಡಿ ಕೊಡುವುದಾ?

ಕಂಪನಿ ಈ ಲೆಕ್ಕವನ್ನು ಯಾರಿಗೂ ಕೊಡಬಾರದು, ತಾನೂ ಅಡಿಕೆ ವ್ಯಾಪಾರ ಮಾಡಬಾರದು, ವ್ಯಾಪಾರ ಮಾಡುವವರ ದುಡ್ಡು ಕಂಪನಿಯಲ್ಲಿದ್ದರೆ ಹೇಳಬೇಕು. ಇದನ್ನು ಕರಾರಿನಲ್ಲಿ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಪುಕ್ಕಟೆಯ ಅರ್ಥ ಗೊತ್ತಾಯಿತು.

ಬೆಳಕು ಸ್ಟುಡಿಯೋ (ಭದ್ರಾವತಿ)

ಅಡಿಕೆ ಬಿಟ್ಟು ಬೇರೆ ಮಾತು, ಕ್ಷಮಿಸಿ. ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ಈಗ ಛತ್ರದ ಬಾಗಿಲಲ್ಲಿ ಕ್ಯೂಆರ್ ಕೋಡ್ ಇಡುತ್ತೇವೆ. ನೆಂಟರು ಒಂದು ಸೆಲ್ಫಿ ಹಾಕಿದರೆ ಅವರು ಇರುವ ಫೋಟೋಗಳೆಲ್ಲ ಅವರ ಫೋನಿಗೆ ಬರುತ್ತವೆ. ಜನರಿಗೆ ಬಹಳ ಇಷ್ಟ. ಆದರೆ ಅದಕ್ಕಾಗಿ ಮದುವೆಗೆ ಬಂದ ಎಲ್ಲರ ಮುಖವನ್ನೂ ಸಿಸ್ಟಂ ಅಳೆದಿಟ್ಟುಕೊಳ್ಳುತ್ತದೆ, ಕೇಳದವರದ್ದೂ, ಮಕ್ಕಳದ್ದೂ. ಹುಡುಗಿಯೊಬ್ಬಳ ಹಳೇ ಸೆಲ್ಫಿಯನ್ನು ಯಾರೋ ಇನ್ಸ್ಟಾದಿಂದ ಇಳಿಸಿಕೊಂಡು ಇಲ್ಲಿ ಅಪ್‌ಲೋಡ್ ಮಾಡಿದರೆ ಅವಳ ಫೋಟೋ ಎಲ್ಲ ಬೇರೆಯವರಿಗೆ ಸಿಗುತ್ತದೆ. ಒಬ್ಬ ತಾಯಿ ಬಂದು ಕೇಳಿದ ಮೇಲೆ ನಾನು ಫೋನ್ ನಂಬರಿಗೆ ಒಟಿಪಿ ಇಲ್ಲದೆ ತೆರೆಯದಂತೆ ಮಾಡಿಸಿದೆ, ತಿಂಗಳಾದ ಮೇಲೆ ಅಳಿಸುತ್ತೇನೆ ಅಂತ ಬಿಲ್ಲಿನಲ್ಲೇ ಬರೆಯುತ್ತೇನೆ. ಗಿರಾಕಿ ಕಡಿಮೆ ಆಗಲಿಲ್ಲ. ಪಕ್ಕದ ಸ್ಟುಡಿಯೋದವರು ಮಾತ್ರ "ನಿಂಗ್ಯಾಕೆ ಬೇಕಿತ್ತು" ಅಂತಾರೆ.

ಮಾಸ್ತಿಕಟ್ಟೆ ಮಳೆ

ಯಂತ್ರದ ಲೆಕ್ಕ ಅಂದರೆ ನಮಗೆ ನೆನಪಾಗುವುದು ಬೆಳೆ ವಿಮೆ. ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ. ಹೆಕ್ಟೇರಿಗೆ 1.28 ಲಕ್ಷದ ವಿಮೆಗೆ ನಾವು ಕಟ್ಟುವುದು 6,400 ರೂಪಾಯಿ. ಪರಿಹಾರಕ್ಕೆ ಯಾರೂ ತೋಟಕ್ಕೆ ಬಂದು ನೋಡಲ್ಲ. ಪಂಚಾಯಿತಿಗೊಂದು ಮಳೆಮಾಪಕ, ಅದು ಕಳಿಸಿದ ಅಂಕಿಯೇ ಆಧಾರ. ಯೋಜನೆ ಇರುವುದೇ ಹಾಗೆ. ಅದರಲ್ಲಿ ಒಳ್ಳೆಯದೂ ಇದೆ, ಯಾರಿಗೂ ಕೈ ಬಿಸಿ ಮಾಡಬೇಕಾಗಿಲ್ಲ.

ಆದರೆ ನಮ್ಮ ಘಟ್ಟದಲ್ಲಿ ಗುಡ್ಡದ ಈ ಕಡೆ ಸುರಿದ ಮಳೆ ಆ ಕಡೆ ಇರಲ್ಲ. ಮಾಪಕದ ಮೇಲೆ ಮರ ಬಾಗಿದ್ದರೆ, ಎಲೆ ಕಟ್ಟಿಕೊಂಡಿದ್ದರೆ, ಬ್ಯಾಟರಿ ಸತ್ತಿದ್ದರೆ ದಾಖಲೆಯಲ್ಲಿ ಮಳೆಯೇ ಇಲ್ಲ. ಕೊಳೆ ಬಂದು ತೋಟದಡಿ ಹಸಿ ಕಾಯಿ ಹಾಸಿಗೆಯಂತೆ ಬಿದ್ದಿತ್ತು ಒಂದು ವರ್ಷ. ಕೇಳಲು ಹೋದರೆ ಈ ಕಚೇರಿಯವರು ಆ ಕಚೇರಿ ತೋರಿಸಿದರು, ಆ ಕಚೇರಿಯವರು ವಿಮೆಯವರನ್ನು ತೋರಿಸಿದರು, ವಿಮೆಯವರು ಅಂಕಿ ತೋರಿಸಿದರು. ಬಿದನೂರು ಬದಿಯವರೇ, ನಿಮ್ಮ ಕರಾರಿನಲ್ಲಿ ಇದೊಂದು ಬರೆಸಿ: ತಕರಾರು ಕೇಳಬೇಕಾದ ಮನುಷ್ಯನ ಹೆಸರು, ಅವನು ಕೂರುವ ಜಾಗ. ಕಸ್ಟಮರ್ ಕೇರ್ ನಂಬರ್ ಬೇಡ.

ಅರ್ಧ ಎಕರೆ

ಮೇಗರವಳ್ಳಿಯವರ ಮಾತು ಸರಿ ಅನ್ನಿಸಿತು, ಕಲಿಸಿದವರ ಬುದ್ಧಿಯೇ ಮೆಷಿನ್ನಿಗೂ ಬರುತ್ತದೆ ಅನ್ನುವುದು. ಆದರೂ ಹಳೇ ಪದ್ಧತಿಗೇ ವಾಪಸ್ ಹೋಗೋಣ ಅಂದರೆ ನಾನು ಒಪ್ಪಲ್ಲ. ಮೆಷಿನ್ ಬರಲಿ. ತಕರಾರು ಬಂದರೆ ಮನುಷ್ಯ ನೋಡಲಿ. ಆದರೆ ಆ ಮನುಷ್ಯನಿಗೆ ಯಾರ ಚೀಲ ಅಂತ ಗೊತ್ತಿರಬಾರದು. ಚೀಲಕ್ಕೆ ಹೆಸರು ಬೇಡ, ನಂಬರ್ ಹಾಕಿ. ಪರೀಕ್ಷೆ ಪೇಪರಿಗೆ ಹಾಕಲ್ವಾ?

ಮೇಗರವಳ್ಳಿ ಹುಡುಗ

ಇದು ನನಗೆ ಹೊಳೆದಿರಲಿಲ್ಲ. ಕಂಪನಿಯವರನ್ನೂ ಇದರಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಗುಡ್ಡೆಯ ಅಡಿಕೆಯನ್ನು ಎರಡು ಚೀಲ ಮಾಡಿ ಎರಡು ನಂಬರಿನಲ್ಲಿ, ಬೇರೆ ಬೇರೆ ದಿನ ಬೆಲ್ಟ್ ಮೇಲೆ ಹಾಕಿ. ಎರಡು ಉತ್ತರ ಬಂದರೆ ಮಾತು ಅಲ್ಲೇ ಶುರು ಮಾಡಿ.

ಕಾನೂನಿನ ಬಗ್ಗೆ ಕೆಲವರು ಖಾಸಗಿಯಾಗಿ ಕೇಳಿದ್ದೀರಿ. ವೈಯಕ್ತಿಕ ಮಾಹಿತಿ ಕಾಪಾಡುವ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಪೂರ್ತಿ ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಸದಸ್ಯರ ಒಪ್ಪಿಗೆ ಕೇಳುವ ನೋಟಿಸ್ ಕನ್ನಡದಲ್ಲೂ ಸಿಗಬೇಕು ಅಂತ ಅದರಲ್ಲಿದೆ. ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವುದು ಕೊಟ್ಟಷ್ಟೇ ಸುಲಭ ಇರಬೇಕು. ದೊಡ್ಡ ಲೋಪಕ್ಕೆ ದಂಡ 250 ಕೋಟಿವರೆಗೆ. ಕಂಪನಿಯವರು ತೋರಿಸಿದ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೇ ಇದೆಯಾ? ಹಾಗಿದ್ದರೆ ಕನ್ನಡದ್ದು ತನ್ನಿ ಅಂತ ಈಗಲೇ ಹೇಳಿ. ಜಾರಿ ಆಗುವವರೆಗೆ ಕಾಯಬೇಕಾಗಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದರಲ್ಲ, ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಇಂಥ ಮಾತು ದೆಹಲಿಯವರದ್ದು, ನಮಗ್ಯಾಕೆ ಅನ್ನುವವರಿಗೆ ಹೇಳಿ.

ಬಿದನೂರು ಬದಿ

ಎಲ್ಲರ ಮಾತನ್ನೂ ಪ್ರಿಂಟ್ ಹಾಕಿಸಿ ಬೋರ್ಡ್ ಮುಂದೆ ಇಟ್ಟೆ. ಕಂಪನಿಯವರನ್ನೂ ಮತ್ತೆ ಕರೆಸಿದೆವು. ಈ ಸಲ ಹುಡುಗನ ಜೊತೆ ಅವರ ಮೇಲಿನವರೂ ಬಂದಿದ್ದರು.

ಯಾವ ಅಡಿಕೆ ತೋರಿಸಿ ಕಲಿಸಿದ್ದೀರಿ ಅಂದರೆ, ಬಹುಪಾಲು ಬಯಲು ಸೀಮೆ ಕಡೆಯದ್ದು ಅಂತ ಒಪ್ಪಿಕೊಂಡರು. ಅಟ್ಟದ ಹೊಗೆಯ ಅಡಿಕೆ ಅಂದರೆ ಮುಖ ಮುಖ ನೋಡಿಕೊಂಡರು. ತಕರಾರಿಗೆ ಸಂಘದವರೇ ಕೈಯಲ್ಲಿ ನೋಡಿ ದರ್ಜೆ ಬದಲಿಸಬಹುದು, ಬದಲಿಸಿದ್ದು ಪುಸ್ತಕದಲ್ಲಿ ಬರೆದಿಡಬಹುದು ಅಂತ ಒಪ್ಪಿದರು. ಸಾಲದ ಅಂಕ ಹೇಗೆ ಹಾಕುತ್ತೀರಿ ಅಂದರೆ "ಅದು ನಮ್ಮ ಕಂಪನಿಯ ಗುಟ್ಟು". ನಮ್ಮ ಲೆಕ್ಕ ಬೇರೆಯವರಿಗೆ ಕೊಡಲ್ಲ ಅಂತ ಕರಾರು ಬರೆಯಿರಿ ಅಂದರೆ "ಮೇಲೆ ಕೇಳಿ ಹೇಳ್ತೇವೆ". ಹಳೇ ಲೆಕ್ಕದವರೇ, ಮೇಲಿನವರೇ ಬಂದು ಮೇಲೆ ಕೇಳುತ್ತೇವೆ ಅಂದರೆ ಏನರ್ಥ ಅಂತ ನೀವೇ ಹೇಳಿ.

ಬೋರ್ಡಿನ ತೀರ್ಮಾನ: ಸಾಲದ ಆ್ಯಪ್ ಬೇಡ. ಮುಖದ ಹಾಜರಿ ಬೇಡ, ಡಬ್ಬದ ಪುಸ್ತಕವೇ ಇರಲಿ. ಮೆಟ್ಟುಗತ್ತಿಯವರೇ, ಸುಲಿತದವರ ಪರವಾಗಿ ಇಬ್ಬರನ್ನು ಮಹಾಸಭೆಗೆ ಆಹ್ವಾನಿತರಾಗಿ ಕರೆಯೋಣ ಅಂದೆ. ಸ್ವಲ್ಪ ಗಲಾಟೆ ಆಯಿತು, ಆದರೂ ಒಪ್ಪಿದರು. ಅಮ್ಮನಿಗೆ ಹೇಳಿ. ಮೆಷಿನ್ ಮಾತ್ರ ಮೂರು ತಿಂಗಳು ಪ್ರಯೋಗಕ್ಕೆ, ಬಾಡಿಗೆ ಕೊಟ್ಟೇ ತಗೊಳ್ಳುವುದು. ಪಕ್ಕದಲ್ಲಿ ಕೈಯಿಂದ ದರ್ಜೆ ಮಾಡುವವರು ಇರುತ್ತಾರೆ. ಹೆಸರಿಲ್ಲದ ಚೀಲ, ಬರೀ ನಂಬರ್. ಎರಡಕ್ಕೂ ತಾಳೆ ಆಗದ್ದನ್ನು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಇದಕ್ಕೂ ಇಬ್ಬರು ವಿರುದ್ಧ ಇದ್ದರು. ಒಬ್ಬರಿಗೆ ಮೆಷಿನ್ನೇ ಬೇಡ, ಇನ್ನೊಬ್ಬರಿಗೆ ಮೂರೂ ಬೇಕಿತ್ತು.

ರಾಶಿ ಇಡಿ

ಮೂರು ತಿಂಗಳು ಸಾಲಲ್ಲ. ಮೊದಲ ಕೊಯ್ಲಿನ ಎಳೆ ಅಡಿಕೆಯಲ್ಲಿ ಎಲ್ಲ ಮೆಷಿನ್ನೂ ಚೆನ್ನಾಗಿಯೇ ಕಾಣುತ್ತದೆ. ಕೊನೆಯ ಕೊಯ್ಲಿನ ಗೊರಬಲು ಬರಲಿ, ಆಗ ಗೊತ್ತಾಗುತ್ತದೆ. ಸುಗ್ಗಿ ಪೂರ್ತಿ ಇಟ್ಟುಕೊಳ್ಳಿ.

ಮತ್ತೆ ಆ ನಂಬರ್ ವಿಷಯ. ನಂಬರ್ ಹಾಕಿದರೂ ಚೀಲದ ಬಾಯಿ ಹೊಲಿಗೆ ನೋಡಿ ಯಾರ ಮನೆಯದ್ದು ಅಂತ ನಾವು ಹೇಳುತ್ತೇವೆ ಮಾರಾಯ್ರೆ. ಒಬ್ಬೊಬ್ಬರ ಹೊಲಿಗೆ ಒಂದೊಂದು ಥರ. ಸಂಘದ್ದೇ ಚೀಲಕ್ಕೆ ಸುರಿಸಿ ಆಮೇಲೆ ನಂಬರ್ ಹಾಕಿ.

ಅರ್ಧ ಎಕರೆ

ಹ್ಹಹ್ಹ. ಕಳ್ಳನ ಗುಟ್ಟು ಈಗ ಹೊರಗೆ ಬಂತು.

ಬಿದನೂರು ಬದಿ

ಸುಗ್ಗಿ ಪೂರ್ತಿ ಅಂತ ತಿದ್ದಿಸುತ್ತೇನೆ. ಹೊಸ ಚೀಲಕ್ಕೆ ಎಷ್ಟಾಗುತ್ತದೆ, ಆ ಖರ್ಚು ಸಂಘದ್ದಾ ಕಂಪನಿಯದ್ದಾ ಅಂತ ಸೋಮವಾರ ವಿಚಾರಿಸಿ ಹೇಳುತ್ತೇನೆ.